ಒಂದು ಮಹಡಿ ಕೆಳಗೆ

ದುನ್ಯಾ ಆ ಮಾತು ಹೇಳುವಾಗ ಯಾರ ಮುಖ ನೋಡುತ್ತಿದ್ದಳು ಎಂಬುದನ್ನು ಸ್ಮಿಲ್ಯಾನಾ ಎರಡು ದಿನಗಳಿಂದ ನೆನಪು ಮಾಡಿಕೊಳ್ಳುತ್ತಲೇ ಇದ್ದಳು. ಗುರುವಾರ ಹಾಡಿನ ಅಭ್ಯಾಸ ಮುಗಿದು ಎಲ್ಲರೂ ಕೋಟು ಹುಡುಕುತ್ತಿದ್ದಾಗ, ಗೋಡೆಗನ್ನಡಿಯ ಮುಂದೆ ಟೋಪಿ ಸರಿಮಾಡಿಕೊಳ್ಳುತ್ತ ದುನ್ಯಾ, "ನಾಳಿದ್ದು ನಮ್ಮನೇಲಿ ಸ್ಲಾವಾ ಕಣ್ರೇ. ಲಿಮಾನ್‌ನಲ್ಲಿ, ಬ್ರೆಡ್ ಅಂಗಡಿ ಇರೋ ಕಟ್ಟಡ, ನಾಲ್ಕನೇ ಮಹಡಿ, ಎಡಗಡೆ ಬಾಗಿಲು" ಎಂದಿದ್ದಳು. ಅಷ್ಟೇ. ಬನ್ನಿ ಎನ್ನಲಿಲ್ಲ. ಎನ್ನುವುದೂ ಇಲ್ಲ. ಮನೆತನದ ಸಂತನ ದಿನ ಬಾಗಿಲು ತೆರೆದಿರುತ್ತದೆ, ಗೊತ್ತಿದ್ದವರು ಬರುತ್ತಾರೆ, ಉಂಡು ಹೋಗುತ್ತಾರೆ. ಬಾಯಿಬಿಟ್ಟು ಕರೆದರೆ ಮನೆಯವರಿಗೂ ಸಣ್ಣತನ, ಬಂದವರಿಗೂ ಸಣ್ಣತನ. ಇದೆಲ್ಲ ಸ್ಮಿಲ್ಯಾನಾಗೆ ಹಾಲುಹಲ್ಲಿನ ಕಾಲದಿಂದ ಗೊತ್ತು. ಆದರೆ ಗೊತ್ತಿದ್ದವರು ಎಂದರೆ ಯಾರು? ಎರಡು ತಿಂಗಳಿಂದ ದುನ್ಯಾಳ ಬಲಮೊಣಕೈಗೆ ತನ್ನ ಎಡಮೊಣಕೈ ತಾಗುವಷ್ಟು ಹತ್ತಿರ ನಿಂತು ಹಾಡಿದ್ದಾಳೆ, ಅವಳ ಕೆಮ್ಮು ಗೊತ್ತು, ಅವಳು ಉಸಿರು ಎಳೆದುಕೊಳ್ಳುವ ಜಾಗ ಗೊತ್ತು, ಮನೆತನದ ಹೆಸರೇನೆಂಬುದು ಗೊತ್ತಿಲ್ಲ. ಕನ್ನಡಿಯಲ್ಲಿ ಆ ಹೊತ್ತಿಗೆ ಐದಾರು ಮುಖಗಳಿದ್ದವು. ಅವುಗಳಲ್ಲಿ ತನ್ನದೂ ಇತ್ತು ಎಂದು ಒಮ್ಮೆ ಅನಿಸುತ್ತದೆ, ತಾನು ಬಾಗಿ ಬೂಟಿನ ದಾರ ಕಟ್ಟುತ್ತಿದ್ದೆನಲ್ಲ ಎಂದು ಮತ್ತೊಮ್ಮೆ ಅನಿಸುತ್ತದೆ.

ಹಾಗೆಂದು ಪ್ರಯತ್ನ ಮಾಡದೆ ಕೂತ ಹುಡುಗಿಯಲ್ಲ ಇವಳು. ಅಕ್ಟೋಬರಿನಲ್ಲಿ ಕ್ಲಾದೊವೊದಿಂದ ಹೊರಡುವಾಗ ಅಮ್ಮ ಬಸ್ಸಿನ ಕಿಟಕಿಗೆ ಕೈಯಿಟ್ಟು, "ಸಿಕ್ಕಿದ್ದಕ್ಕೆಲ್ಲ ಹೆಸರು ಕೊಡು ಮಗಾ, ರೂಮಲ್ಲಿ ಕೂತು ಗೋಡೆ ನೋಡ್ಬೇಡ" ಎಂದಿದ್ದಳು. ಕೊಟ್ಟಳು. ಲೈಬ್ರರಿಗೆ ಕೊಟ್ಟಳು, ಬೆಟ್ಟ ಹತ್ತುವ ಸಂಘಕ್ಕೆ ಕೊಟ್ಟಳು, ಜಾನಪದ ಕುಣಿತಕ್ಕೆ ಕೊಟ್ಟು ಅಲ್ಲಿ ಸಾಲಿನ ಕೊನೆಯಲ್ಲಿ ಹತ್ತು ನಿಮಿಷ ಹೆಜ್ಜೆ ಹಾಕಿ, "ಮುಂದಿನ ವರ್ಷ ನೋಡೋಣ" ಎನ್ನಿಸಿಕೊಂಡಳು. ವಿದ್ಯಾರ್ಥಿಗಳನ್ನು ನಾಟಕಕ್ಕೆ ಕರೆದುಕೊಂಡು ಹೋದ ದಿನ ಅವಳ ಎರಡೂ ಪಕ್ಕದವರು ಮಧ್ಯಂತರದಲ್ಲಿ ಎದ್ದು ಬೇರೆ ಸಾಲಿಗೆ ಹೋದರು. ಇಬ್ಬರಿಗೂ ಅಲ್ಲಿ ಗೆಳೆಯರಿದ್ದರು, ಬೇರೆ ಕಾರಣವೇನಿಲ್ಲ, ಆದರೂ ಉಳಿದ ಅಂಕಗಳನ್ನು ಅವಳು ಎರಡು ಖಾಲಿ ಕುರ್ಚಿಗಳ ನಡುವೆ ಬೆನ್ನು ನೆಟ್ಟಗೆ ಮಾಡಿಕೊಂಡು ನೋಡಿದಳು. ಫ್ರುಶ್ಕಾ ಬೆಟ್ಟದ ಮಠಗಳನ್ನು ತೋರಿಸಲು ಹೋದ ಭಾನುವಾರ ಇದಕ್ಕಿಂತ ಕೆಟ್ಟದಾಗಿತ್ತು. ಹಿಂತಿರುಗುವಾಗ ಮೇಲ್ವಿಚಾರಕ ಬಸ್ಸಿನ ಬಾಗಿಲಲ್ಲಿ ನಿಂತು, "ನಿಮ್ಮ ನಿಮ್ಮ ಜೋಡಿ ಬಂದಿದಾರಾ ನೋಡ್ಕೊಳ್ರಪ್ಪಾ" ಎಂದು ಕೂಗಿರಬೇಕು, ಎಲ್ಲರ ಜೋಡಿಯೂ ಬಂದಿರಬೇಕು. ಸ್ಮಿಲ್ಯಾನಾ ಆಗ ಮಠದ ಹಿಂದಿನ ನಲ್ಲಿಯಲ್ಲಿ ನೀರು ಕುಡಿಯುತ್ತಿದ್ದಳು. ಬಸ್ಸು ಹೋಯಿತು. ನಲವತ್ತು ನಿಮಿಷ ರಸ್ತೆಯ ಬದಿಯಲ್ಲಿ ನಿಂತು ಹಳ್ಳಿಯ ಬಸ್ಸು ಹಿಡಿದು ಬಂದಳು. ಮಂಗಳವಾರ ಅದೇ ಮನುಷ್ಯ ಮೆಸ್ಸಿನ ಸಾಲಿನಲ್ಲಿ ಸಿಕ್ಕಿ, "ಹೇಗಿತ್ತಮ್ಮಾ ಪ್ರವಾಸ?" ಎಂದು ಕೇಳಿದಾಗ, "ತುಂಬ ಚೆನ್ನಾಗಿತ್ತು" ಎಂದಳು. ನನ್ನನ್ನು ಬಿಟ್ಟು ಹೋದಿರಿ ಎನ್ನಲು ಅವಳಿಗೇ ನಾಚಿಕೆಯಾಯಿತು, ತಪ್ಪು ತನ್ನದೇ ಎಂಬ ಹಾಗೆ. ಕೊನೆಗೆ ಹಾಸ್ಟೆಲಿನ ಕೆಳಗಿನ ಕೋಣೆಯಲ್ಲಿ ವಿದ್ಯಾರ್ಥಿಗಳ ಮನಸ್ಸಿನ ಕಷ್ಟ ಕೇಳುವ ಒಬ್ಬ ಹೆಂಗಸು ಬುಧವಾರಗಳಲ್ಲಿ ಕೂರುತ್ತಾಳೆಂದು ಓದಿ ಅಲ್ಲಿಗೂ ಹೋದಳು. ತುಂಬಬೇಕಾದ ಹಾಳೆಯಲ್ಲಿ, ಈ ಊರಿನಲ್ಲಿ ನಿಮಗೆ ಎಷ್ಟು ಜನ ಸ್ನೇಹಿತರು ಎಂಬ ಪ್ರಶ್ನೆಯಿತ್ತು. ಸೊನ್ನೆ ಬರೆಯಲು ಕೈ ಬರಲಿಲ್ಲ. ನಾಲ್ಕು ಎಂದು ಬರೆದಳು. "ನಾಲ್ಕು ಜನಾನಾ! ಎಷ್ಟೋ ಮಕ್ಕಳಿಗೆ ಒಬ್ಬರೂ ಇರಲ್ಲ ಗೊತ್ತಾ" ಎಂದು ಆ ಹೆಂಗಸು ಸಂತೋಷಪಟ್ಟು, ಚೆನ್ನಾಗಿ ನಿದ್ದೆ ಮಾಡುವ ಬಗೆಯ ಕುರಿತ ಒಂದು ಚೀಟಿ ಕೊಟ್ಟು ಕಳುಹಿಸಿದಳು.

ಆಮೇಲೆ ಅವಳು ಕಾಲೇಜು ಕಚೇರಿಗೆ ಹೋಗಿ ಹೆಸರು ತೆಗೆಸಿ ಕಾಲೇಜು ಬಿಡುವ ಅರ್ಜಿ ತಂದಳು. ತುಂಬಿಯೂ ಆಯಿತು. ಸೋಮವಾರ ಕೊಟ್ಟುಬಿಡುವುದು, ಊರಿಗೆ ಹೋಗುವುದು, ಅಮ್ಮನಿಗೆ ಏನಾದರೊಂದು ಹೇಳುವುದು. ಅಮ್ಮನಿಗೆ ಹೇಳಿದ ಸುಳ್ಳುಗಳೇನು ಕಡಿಮೆಯೇ? ನವೆಂಬರಿನಲ್ಲಿ ಸ್ವಂತ ಮನೆಯ ಸ್ಲಾವಾಕ್ಕೆ ಊರಿಗೆ ಹೋದಾಗ, "ಗೆಳತಿಯರನ್ನೂ ಕರ್ಕೊಂಡು ಬರೋದಲ್ವೇನೇ, ಇಷ್ಟೊಂದು ಮಾಡಿದೀನಿ" ಎಂದು ಅಮ್ಮ ಕೇಳಿದ್ದಳು. ಅವರಿಗೆಲ್ಲ ಪರೀಕ್ಷೆ ಎಂದುಬಿಟ್ಟಿದ್ದಳು. ಕಾಲೇಜಿನ ಮೆಟ್ಟಿಲು ಹತ್ತದ ಅಮ್ಮ ಅದನ್ನು ನಂಬಿ, ಪಾಪದ ಮಕ್ಕಳು ಎಂದು ಕನಿಕರಪಟ್ಟಳು. ಆ ಕನಿಕರ ಸ್ಮಿಲ್ಯಾನಾಳ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಉಳಿದುಕೊಂಡಿದೆ. ಇಲ್ಲ, ಇವತ್ತು ಹೋಗಿ ನೋಡಿಯೇ ಬಿಡುವುದು. ಈ ಊರಿನಲ್ಲಿ ತನ್ನನ್ನು ನಮ್ಮವಳು ಎನ್ನುವ ಒಂದು ಮನೆಯಾದರೂ ಉಂಟೋ ಇಲ್ಲವೋ. ಇಲ್ಲವೆಂದರೆ ಸೋಮವಾರ ಅರ್ಜಿ.

ಸಂತ ನಿಕೋಲನ ದಿನ ಹಾಸ್ಟೆಲಿನಲ್ಲಿ ನರಪಿಳ್ಳೆಯಿರಲಿಲ್ಲ. ದೇಶದ ಅರ್ಧ ಮನೆಗಳಿಗೆ ಅವನೇ ಸಂತ; ಕೋಣೆಯಲ್ಲಿ ಜೊತೆಗಿದ್ದ ಹುಡುಗಿ ನಿನ್ನೆಯೇ ಊರಿಗೆ ಹೋಗಿದ್ದಳು. ಸ್ಮಿಲ್ಯಾನಾ ಒಂದು ಡಬ್ಬಿ ಚಾಕಲೇಟು, ಕಾಫಿಪುಡಿಯ ಒಂದು ಪೊಟ್ಟಣ ಕೊಂಡು, ಕೊಂಡದ್ದು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ತಲೆ ಕೆಡಿಸಿಕೊಳ್ಳುತ್ತ, ಕೆಸರಾದ ಹಿಮದಲ್ಲಿ ಬೂಟು ಎತ್ತಿ ಎತ್ತಿ ಇಡುತ್ತ ನಡೆದಳು. ದಾನ್ಯೂಬಿನ ಕಡೆಯಿಂದ ಗಾಳಿ ಕಿವಿ ಕತ್ತರಿಸುತ್ತಿತ್ತು. ಬ್ರೆಡ್ ಅಂಗಡಿಯ ಕಟ್ಟಡ ಸಿಕ್ಕಿತು. ಲಿಫ್ಟಿನಲ್ಲಿ ಹೂಗುಚ್ಛ ಹಿಡಿದ ಒಂದು ಇಡೀ ಕುಟುಂಬ ನಿಂತಿದ್ದರಿಂದ, "ನೀವು ಹೋಗಿ, ನೀವು ಹೋಗಿ" ಎಂದು ಅವಳು ಮೆಟ್ಟಿಲು ಹತ್ತಿದಳು. ಅಂಗಡಿಗಳ ಮೇಲೆ ಒಂದು ಅರೆಮಹಡಿಯಿತ್ತು. ಅದನ್ನೂ ಒಂದೆಂದು ಲೆಕ್ಕ ಹಿಡಿದಳು. ನಾಲ್ಕು ಎಂದುಕೊಂಡು ನಿಂತ ಕಡೆ ಎಡಗಡೆಯ ಬಾಗಿಲು ಅರ್ಧ ತೆರೆದಿತ್ತು, ಹೊರಗೆ ಹದಿನೈದಿಪ್ಪತ್ತು ಜೊತೆ ಬೂಟುಗಳಿದ್ದವು, ಒಳಗಿನಿಂದ ಹುರಿದ ಈರುಳ್ಳಿಯ, ಮೀನಿನ, ಮೇಣದ ವಾಸನೆ ಬರುತ್ತಿತ್ತು. ತನ್ನ ಬೂಟುಗಳನ್ನು ಅವಳು ಆ ಬೂಟುಗಳ ನಡುವೆ ಜಾಗ ಮಾಡಿ ಇಟ್ಟಳು.

"ಬಾ ಮಗಾ, ಬಾ, ಥಂಡಿ ಒಳಗೆ ತರಬೇಡ" ಎಂದು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದ ದಪ್ಪ ಹೆಂಗಸು ಮೂರು ಸಲ ಮುತ್ತಿಕ್ಕಿ, ಚಾಕಲೇಟು ಕಾಫಿಪುಡಿ ತೆಗೆದುಕೊಂಡು, ಕಾಲಿಗೆ ಚಪ್ಪಲಿ ಕೊಟ್ಟಳು. ಬಾಗಿಲ ಪಕ್ಕದ ಮೇಜಿನ ಮೇಲೆ ಮೇಣದ ದೀಪ ಉರಿಯುತ್ತಿತ್ತು. ಅದರ ಮುಂದಿನ ಬಟ್ಟಲಿನಿಂದ ಸ್ಮಿಲ್ಯಾನಾ ಶಿಲುಬೆಯ ಗುರುತು ಮಾಡಿಕೊಂಡು ಒಂದು ಚಮಚ ಗೋಧಿ ತೆಗೆದುಕೊಂಡಳು. ಬೇಯಿಸಿ, ಅಕ್ರೋಟು ಸಕ್ಕರೆ ಹಾಕಿ ಅರೆದ ಗೋಧಿ, ಅವರ ಮನೆಯದಕ್ಕಿಂತ ನುಣುಪು. "ಸ್ಲಾವಾ ಶುಭವಾಗಲಿ" ಎಂದಳು. "ನಿನಗೂ ಒಳ್ಳೇದಾಗಲಿ, ಹೋಗು ಕೂತ್ಕೋ. ಹುಡುಗರು ಇನ್ನೇನು ಬರ್ತಾರೆ" ಎಂದಳು ಆಕೆ. ಹುಡುಗರೆಂದರೆ ದುನ್ಯಾ ಮತ್ತು ಗಾಯಕರ ಗುಂಪು ಎಂದು ಇವಳು ಅರ್ಥಮಾಡಿಕೊಂಡು, ಉದ್ದನೆಯ ಮೇಜಿನಲ್ಲಿ ಒಬ್ಬ ಕಿವುಡಜ್ಜಿಯ ಮತ್ತು ಕೆಂಪು ಮೂಗಿನ ಒಬ್ಬ ಮನುಷ್ಯನ ನಡುವೆ ಕೂತಳು.

ತಿನ್ನಿಸಿದರು. ತಿನ್ನಿಸಿದರು ಎಂದರೆ ಸಾಲದು. ಮೀನಿನ ಸಾರು ಬಂತು, ಬೇಯಿಸಿದ ಬಿಳಿ ಬೀನ್ಸ್ ಕಾಳು ಬಂತು, ಕ್ರಿಸ್‌ಮಸ್ಸಿನ ಮುಂಚಿನ ಉಪವಾಸದ ಕಾಲವಾದ್ದರಿಂದ ಮಾಂಸವಿಲ್ಲದ, ಹುಳಿ ಎಲೆಕೋಸಿನಲ್ಲಿ ಅಕ್ಕಿ ಅಕ್ರೋಟು ಸುತ್ತಿದ ಸರ್ಮಾ ಬಂತು. ತಟ್ಟೆ ಖಾಲಿಯಾದರೆ ತುಂಬಿದರು, ಖಾಲಿಯಾಗದಿದ್ದರೆ ರುಚಿಯಾಗಲಿಲ್ಲವೇ ಎಂದು ತುಂಬಿದರು. ಕೆಂಪು ಮೂಗಿನವನು ಗ್ವೊಜ್ದೆನ್, ಮನೆಯೊಡತಿ ರಾದೊಯ್ಕಾಳ ಮೈದುನ, ಅವನು ಹಣ್ಣಿನ ಕಡುಮದ್ಯ ರಾಕಿಯಾದ ಸಣ್ಣ ಲೋಟ ಇವಳ ಮುಂದೆ ಸರಿಸಿ, "ಕುಡಿ, ಕುಡಿ. ನಿಮ್ಮ ಕಾಲೇಜಲ್ಲಿ ಇದನ್ನ ಕಲಿಸಲ್ಲ" ಎಂದು ನಕ್ಕ. ಅಜ್ಜಿ ಅವಳ ಮಣಿಕಟ್ಟು ಹಿಡಿದು, "ಎಷ್ಟು ತೆಳ್ಳಗಿದೀಯೇ, ಯಾರೂ ನೋಡ್ಕೊಳ್ಳೋರಿಲ್ವಾ?" ಎಂದು ಎಲ್ಲರಿಗೂ ಕೇಳುವಂತೆ ಕೂಗಿತು. ಸ್ಮಿಲ್ಯಾನಾ ನಕ್ಕಳು, ಉಪ್ಪು ದಾಟಿಸಿದಳು, ಯಾವುದೋ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಎರಡು ತಿಂಗಳಲ್ಲಿ ಯಾರೂ ತನ್ನ ಕೈ ಹಿಡಿದಿರಲಿಲ್ಲ ಎಂಬುದು ಅಜ್ಜಿ ಕೈ ಬಿಟ್ಟ ಮೇಲೆ ಅವಳಿಗೆ ಹೊಳೆಯಿತು. ಆ ಮಣಿಕಟ್ಟನ್ನು ಮೇಜಿನ ಕೆಳಗೆ ಇನ್ನೊಂದು ಕೈಯಿಂದ ತಾನೇ ಹಿಡಿದುಕೊಂಡಳು. ಗೋಡೆಯ ಮೇಲಿನ ಫೋಟೋಗಳಲ್ಲಿ ದುನ್ಯಾ ಇರಲಿಲ್ಲ. ಮದುವೆಯ ಫೋಟೋ, ಸೈನಿಕನ ಫೋಟೋ, ನಾಯಿಯ ಫೋಟೋ. ಇರಬೇಕು, ಒಳಗಿನ ಕೋಣೆಯಲ್ಲಿರಬೇಕು ಎಂದುಕೊಂಡಳು.

"ಅದಿರ್ಲಿ, ನೀನು ಯಾರ ಕಡೆಯವಳು ಮಗಾ?" ಎಂದ ಗ್ವೊಜ್ದೆನ್, ಮೀನಿನ ಮುಳ್ಳು ಬಿಡಿಸುತ್ತ. "ನಮ್ಮ ಒಗ್ನ್ಯೆನ್ ಕಡೆಯವಳಾ? ಆ ಕಳ್ಳ ಮನೇಲಿ ಒಂದು ಮಾತೂ ಹೇಳಲ್ಲ ನೋಡು."

"ಥೂ, ನಿನ್ನ ನಾಲಿಗೆಗೆ! ಮನೆಗೆ ಬಂದೋರನ್ನ ಹೀಗೆ ಕೇಳ್ತಾರೇನೋ? ಇದೇನು ಪೊಲೀಸ್ ಠಾಣೆನಾ?" ಎಂದು ರಾದೊಯ್ಕಾ ಸೌಟು ಎತ್ತಿದಳು. "ನೀನು ತಿನ್ನು ಮಗಾ. ಅವನು ಹುಟ್ಟಿದ್ದೇ ಹಾಗೆ."

ಒಗ್ನ್ಯೆನ್ ಯಾರು? ದುನ್ಯಾಗೆ ಅಣ್ಣನಿದ್ದಾನೆಯೇ? ಕೇಳಬೇಕಿತ್ತು. ದುನ್ಯಾ ಎಲ್ಲಿ ಎಂದು ಎರಡೇ ಪದ. ಆದರೆ ಉಂಡು ಮುಗಿಯುತ್ತ ಬಂದ ಮೇಲೆ ಕೇಳುವ ಪ್ರಶ್ನೆಯೇ ಅದು? ಅದೂ ಅಲ್ಲದೆ ಕೇಳದಿದ್ದರೆ ಏನೂ ಕೆಟ್ಟಿರಲಿಲ್ಲ, ಎಲ್ಲವೂ ಇದ್ದ ಹಾಗೆಯೇ ಇತ್ತು, ತೊಡೆಯ ಮೇಲೆ ಮಗು ಬೆಚ್ಚಗೆ ಕೂತಿತ್ತು. ಅಷ್ಟರಲ್ಲಿ ತಲೆಯ ಮೇಲೆ ಹಾಡು ಶುರುವಾಯಿತು.

ಮೊದಲು ಕುರ್ಚಿಗಳನ್ನು ಸರಿಸಿದ ಸದ್ದು. ಆಮೇಲೆ ಶ್ರುತಿ ಹಿಡಿದ ಒಂದು ಗಂಟಲು. ಆಮೇಲೆ ಎಲ್ಲರೂ. ಆರು ವಾರ ಅಭ್ಯಾಸ ಮಾಡಿದ ಪ್ರಾರ್ಥನೆ, ಅವಳಿಗೆ ನಿದ್ದೆಯಲ್ಲೂ ಬರುತ್ತಿದ್ದ ಪ್ರಾರ್ಥನೆ, ಕಾಂಕ್ರೀಟಿನ ಮೂಲಕ ಸೋಸಿಕೊಂಡು ಮೇಜಿನ ಮೇಲೆ ಇಳಿಯಿತು. "ಓ, ಶುರು ಹಚ್ಕೊಂಡ್ರು" ಎಂದ ಗ್ವೊಜ್ದೆನ್, ಮೇಲೆ ನೋಡಿ. "ನಾಲ್ಕನೇ ಮಹಡಿಯ ಹುಡುಗಿ ಹಾಡಿನ ಗುಂಪಲ್ಲಿದಾಳೆ. ಪ್ರತಿ ವರ್ಷ ಅವರ ಸಂತನೂ ಇವನೇ, ನಮ್ಮ ಸಂತನೂ ಇವನೇ, ತಲೆನೋವು ಮಾತ್ರ ನಮಗೆ."

ಸ್ಮಿಲ್ಯಾನಾ ಚಮಚ ಕೆಳಗಿಟ್ಟಳು. ಮುಖಕ್ಕೆ ರಕ್ತ ನುಗ್ಗಿದ್ದು ಎಲ್ಲರಿಗೂ ಕಾಣುತ್ತಿರಬೇಕು ಎನಿಸಿ ಮಗುವಿನ ತಲೆಯ ಹಿಂದೆ ಮುಖ ಮರೆಮಾಡಿದಳು. ಯಾರ ಮನೆಯ ಅನ್ನ ತಿನ್ನುತ್ತಿದ್ದೇನೆ? ಇವರು ಯಾರು? ಈ ಅಜ್ಜಿ ಯಾರ ಅಜ್ಜಿ? ಎದ್ದು ಕ್ಷಮೆ ಕೇಳಬೇಕು ಎಂದುಕೊಂಡರೂ ಕಾಲು ಏಳಲಿಲ್ಲ, ಯಾಕೆಂದರೆ ಕಿವಿ ಮೇಲಿತ್ತು. ಹೆಂಗಸರ ಕೆಳಧ್ವನಿಯ ಸಾಲು ಬರುವ ಕಡೆ, ಅವಳು ನಿಂತು ಹಾಡುವ ಕಡೆ, ಅಲ್ಲೊಂದು ಸಣ್ಣ ಕುಳಿ ಕೇಳಿಸಬಹುದೆಂದು ಕಾದಳು. ಅದು ಬಂತು. ತುಂಬಿಕೊಂಡೇ ಬಂತು. ಒಂದು ಕೂದಲೆಳೆಯಷ್ಟೂ ಕೊರತೆಯಿರಲಿಲ್ಲ, ನಿಜ ಹೇಳಬೇಕೆಂದರೆ ಗುರುವಾರಕ್ಕಿಂತ ಚೆನ್ನಾಗಿತ್ತು. ಅವಳಿಲ್ಲದೆ ಹಾಡು ಮುಗಿಯಿತು, ಮೇಲೆ ಚಪ್ಪಾಳೆ ಬಿತ್ತು, ಕೆಳಗೆ ಮೇಜಿನವರನ್ನು ನೋಡಿ ಕಿವುಡಜ್ಜಿಯೂ ಚಪ್ಪಾಳೆ ತಟ್ಟಿತು. ಬೆಳಿಗ್ಗೆಯೇ ಫೋನಿನಲ್ಲಿ ಅಮ್ಮನಿಗೆ ಹೇಳಿಬಿಟ್ಟಿದ್ದಳು. ಕ್ಲಾದೊವೊದಲ್ಲಿ ಅಮ್ಮ ಈಗ ಏನು ಮಾಡುತ್ತಿರಬಹುದು, ಮಗಳು ಗೆಳತಿಯ ಮನೆಯ ಸ್ಲಾವಾಕ್ಕೆ ಹೋಗಿದ್ದಾಳೆಂದು ನೆರೆಯವರಿಗೆ ಹೇಳಿಕೊಳ್ಳುತ್ತಿರಬಹುದು. ಹೇಳಿಕೊಳ್ಳುತ್ತಿರುತ್ತಾಳೆ, ಖಂಡಿತ. ನಾಳೆ ಫೋನಿನಲ್ಲಿ ಏನು ಬಡಿಸಿದರು ಎಂದು ಕೇಳುತ್ತಾಳೆ. ಮಗುವಿನ ಕೂದಲು ಒದ್ದೆಯಾಗುತ್ತಿರುವುದು ನೋಡಿ ಸ್ಮಿಲ್ಯಾನಾ ಎದ್ದಳು.

"ನಾನು ಹೊರಡ್ತೀನಿ" ಎಂದಳು. ಯಾರೂ ಬಿಡಲಿಲ್ಲ, ಕೇಕು ಬಾಕಿಯಿದೆ, ಕಾಫಿ ಬಾಕಿಯಿದೆ. ರಾದೊಯ್ಕಾ ಮಾತ್ರ ಒಂದು ಕ್ಷಣ ಅವಳ ಮುಖ ನೋಡಿ, ಅಡುಗೆಮನೆಗೆ ಹೋಗಿ ಬೆಳ್ಳಿಕಾಗದದಲ್ಲಿ ಏನನ್ನೋ ಸುತ್ತಿ ತಂದಳು. ಬಾಗಿಲ ಹೊರಗೆ, ಬೂಟು ಹಾಕಿಕೊಳ್ಳಲು ಬಗ್ಗಿದವಳ ಕಂಕುಳಿಗೆ ಆ ಬೆಚ್ಚನೆಯ ಪೊಟ್ಟಣ ತುರುಕಿ, ದನಿ ತಗ್ಗಿಸಿ, "ಇನ್ನೊಂದು ಮಹಡಿ ಹತ್ತು ಮಗಾ" ಎಂದಳು.

ಸ್ಮಿಲ್ಯಾನಾ ಬಗ್ಗಿದಲ್ಲೇ ತಲೆಯೆತ್ತಿ ನೋಡಿದಳು. "ನಿಮಗೆ ಗೊತ್ತಿತ್ತಾ?"

"ನೀನು ಕಾಫಿಪುಡಿ ಕೊಡುವಾಗ್ಲೇ, ಮನೆ ತಪ್ಪಿ ಬಂದಿದಾಳೆ ಅಂದ್ಕೊಂಡೆ. ವರ್ಷಕ್ಕೆ ಒಬ್ಬರಾದ್ರೂ ಹೀಗೆ ಬರ್ತಾರೆ. ಕಳೆದ ಸಲ ಒಬ್ಬ ಪ್ರೊಫೆಸರು, ಎರಡು ಗಂಟೆ ಕೂತಿದ್ದ." ಏಪ್ರನ್ನಿನ ತುದಿಯಿಂದ ಅವಳ ಕೆನ್ನೆ ಒರೆಸಿದಳು. "ದೀಪ ಉರಿಯೋವಾಗ ಒಳಗೆ ಬಂದೋರು ನಮ್ಮೋರೇ. ಊಟದ ನಡುವೆ ಎಬ್ಬಿಸಿ ಕಳಿಸ್ತಾರಾ?"

ಬಾಗಿಲು ಮುಚ್ಚಿತು. ನಮ್ಮವರು ಎಂದಳಲ್ಲ, ನಿಜ. ಆ ಪ್ರೊಫೆಸರೂ ಅವಳಿಗೆ ಅಷ್ಟೇ ನಮ್ಮವನು. ಮೂರಕ್ಕೂ ನಾಲ್ಕಕ್ಕೂ ನಡುವಿನ ತಿರುವಿನಲ್ಲಿ ಸ್ಮಿಲ್ಯಾನಾ ಮೆಟ್ಟಿಲ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ತಾನಾಗಿ ಆರುವ ಮೆಟ್ಟಿಲ ದೀಪ ಆರಿತು. ಎದ್ದು ಗುಂಡಿ ಒತ್ತಿ ಮತ್ತೆ ಕೂತಳು. ಮತ್ತೆ ಆರಿತು, ಈ ಸಲ ಏಳಲಿಲ್ಲ. ಇಳಿದರೆ ಹತ್ತು ನಿಮಿಷದಲ್ಲಿ ಹಾಸ್ಟೆಲು. ಯಾರಿಗೂ ಗೊತ್ತಾಗುವುದಿಲ್ಲ, ಮಠದ ಹಿಂದೆ ಬಿಟ್ಟುಹೋದದ್ದು ಗೊತ್ತಾಗದ ಹಾಗೆ. ಸೋಮವಾರ ಅರ್ಜಿ ಕೊಟ್ಟರೆ ಗುರುವಾರದ ಅಭ್ಯಾಸದಲ್ಲಿ ದುನ್ಯಾ ಸ್ವಲ್ಪ ಬಲಕ್ಕೆ ಸರಿದು ನಿಲ್ಲುತ್ತಾಳೆ, ಮೊಣಕೈಗೆ ಜಾಗವಾಯಿತು ಎಂದುಕೊಳ್ಳುತ್ತಾಳೆ. ಇಷ್ಟಕ್ಕೂ ಅವರು ಬಿಟ್ಟುಹೋದರೇ, ತಾನು ಹೇಳಲಿಲ್ಲವೇ? ನಲ್ಲಿಯ ಹತ್ತಿರದಿಂದ ಒಂದು ಸಲ ಕೂಗಿದ್ದರೆ ಬಸ್ಸು ನಿಲ್ಲುತ್ತಿತ್ತು. ಬಸ್ಸಿನ ಹಿಂಭಾಗ ಅವಳಿಗೆ ಕಾಣುತ್ತಿತ್ತು. ಕಾಣುತ್ತಿತ್ತು! ಕೂಗದೆ ನಿಂತದ್ದು ತಾನೇ. ನಾಲ್ಕು ಎಂದು ಬರೆದದ್ದು ತಾನೇ, ಚೆನ್ನಾಗಿತ್ತು ಎಂದದ್ದು ತಾನೇ. ಈ ಯೋಚನೆ ಅವಳನ್ನು ಎಷ್ಟು ಹೆದರಿಸಿತೆಂದರೆ ಕತ್ತಲೆಯಲ್ಲಿ ಕೂರಲಾರದೆ ಎದ್ದು ಮೇಲೆ ಹೋದಳು.

ಬಾಗಿಲು ತೆರೆದದ್ದು ದುನ್ಯಾ. "ಓ, ನೀನಾ?" ಎಂದು, ಜೊತೆಗೆ ಯಾರಿದ್ದಾರೆಂದು ಇವಳ ಭುಜದಾಚೆ ನೋಡಿದಳು. ಆ ನೋಟದಲ್ಲೇ ಎರಡು ದಿನದ ಪ್ರಶ್ನೆಗೆ ಉತ್ತರ ಸಿಕ್ಕಿತು. ಕನ್ನಡಿಯ ಮುಂದಿನ ಮಾತು ಇವಳಿಗಲ್ಲ. ನೋವಾಯಿತು, ತುಂಬ ನೋವಾಯಿತು, ಆದರೂ ಸ್ಮಿಲ್ಯಾನಾ ಬೂಟು ಬಿಚ್ಚಿದಳು. ಒಳಗೆ ಗುಂಪಿನವರೆಲ್ಲ ಇಕ್ಕಟ್ಟಾಗಿ ಕೂತಿದ್ದರು. ದುನ್ಯಾಳ ತಾಯಿ, ಕನ್ನಡಕ ಹಾಕಿದ ಸಣಕಲು ಹೆಂಗಸು, ಇವಳ ಕಂಕುಳಿನ ಪೊಟ್ಟಣ ನೋಡಿ ಹುಬ್ಬು ಏರಿಸಿದಳು.

"ಇದೇನಮ್ಮಾ, ಸ್ಲಾವಾ ಮನೆಗೆ ಊಟ ಕಟ್ಟಿಸ್ಕೊಂಡು ಬಂದಿದೀಯ? ನಮ್ಮನೇಲಿ ಹೊಟ್ಟೆಗೆ ಹಾಕಲ್ಲ ಅಂತ ಯಾರು ಹೇಳಿದ್ರು?"

ಎಲ್ಲರೂ ತಿರುಗಿದರು. ಇಷ್ಟು ಮುಖಗಳು ಒಟ್ಟಿಗೆ ಅವಳನ್ನು ಈ ಊರಿನಲ್ಲಿ ಎಂದೂ ನೋಡಿರಲಿಲ್ಲ. ಅಮ್ಮ ಕಳಿಸಿದ್ದು ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು.

"ನಾನು ಊಟ ಮಾಡಿದೀನಿ" ಎಂದಳು. "ಕೆಳಗೆ. ತಪ್ಪಿ ಅವರ ಮನೆಗೆ ಹೋಗ್ಬಿಟ್ಟೆ. ಮಹಡಿ ಲೆಕ್ಕ ತಪ್ಪಿತು. ಎರಡು ಗಂಟೆ ಕೂತಿದ್ದೆ. ನೀವು ಹಾಡಿದ್ದು ಅಲ್ಲಿಂದ್ಲೇ ಕೇಳಿಸ್ಕೊಂಡೆ. ನಾನಿಲ್ದೇನೂ ಚೆನ್ನಾಗಿತ್ತು."

ಗಂಡಸರ ಸಾಲಿನ ಯಾರೋ ಫಕ್ಕನೆ ನಕ್ಕರು, ನಗು ಕೋಣೆಯೆಲ್ಲ ಹಬ್ಬಿತು, ದುನ್ಯಾ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿ, "ಎರಡು ಗಂಟೆ! ಅಯ್ಯೋ ಮಾರಾಯ್ತಿ, ಎರಡು ಗಂಟೆ!" ಎಂದಳು. ನಗು ತನ್ನ ಮೇಲೋ ತನ್ನ ಜೊತೆಯೋ ಸ್ಮಿಲ್ಯಾನಾಗೆ ತಿಳಿಯಲಿಲ್ಲ. ಕಿವಿ ಸುಡುತ್ತಿತ್ತು. ನಗದೆ ಇದ್ದವಳು ದುನ್ಯಾಳ ತಾಯಿ ಒಬ್ಬಳೇ. ಆಕೆ ಪೊಟ್ಟಣ ಕಿತ್ತುಕೊಂಡು ಮೇಜಿನ ಮೇಲೆ ಬಿಡಿಸಿದಳು. ಐದು ಸರ್ಮಾ.

"ರಾದೊಯ್ಕಾಳದ್ದು" ಎಂದಳು, ಹಲ್ಲು ಕಚ್ಚಿ. ತನ್ನ ಪಾತ್ರೆಯಿಂದ ಒಂದನ್ನು ತಟ್ಟೆಗೆ ಹಾಕಿ ಸ್ಮಿಲ್ಯಾನಾಳ ಮುಂದಿಟ್ಟಳು. "ಇದನ್ನ ತಿನ್ನು. ತಿಂದು ನಿಜ ಹೇಳು. ಯಾರದ್ದು ಚೆನ್ನಾಗಿದೆ?"

"ಅಮ್ಮಾ, ಬಿಡಮ್ಮಾ!" ಎಂದಳು ದುನ್ಯಾ. "ನೀನು ಸುಮ್ನಿರು" ಎಂದಳು ತಾಯಿ. ಹೊಟ್ಟೆಯಲ್ಲಿ ಅಕ್ಕಿಕಾಳಿಗೂ ಜಾಗವಿರಲಿಲ್ಲ. ಸ್ಮಿಲ್ಯಾನಾ ಕತ್ತರಿಸಿದಳು, ಅಗಿದಳು, ನುಂಗಿದಳು. ತುಂಬ ಚೆನ್ನಾಗಿದೆ ಎನ್ನುವ ಮಾತು ಅಭ್ಯಾಸಬಲದಿಂದ ಬಾಯಿಯವರೆಗೆ ಬಂತು, ಅಲ್ಲೇ ನಿಂತಿತು.

"ಅವರದ್ದು" ಎಂದಳು.

ಯಾರೋ ಉಸಿರು ಎಳೆದುಕೊಂಡರು. ದುನ್ಯಾಳ ತಾಯಿ ಕನ್ನಡಕ ತೆಗೆದು, ಬೆಳ್ಳಿಕಾಗದದಿಂದ ಒಂದು ಸರ್ಮಾ ಕೈಯಲ್ಲೇ ಎತ್ತಿ ಕಚ್ಚಿ, ಬಹಳ ಹೊತ್ತು ಅಗಿದಳು.

"ಹದಿನಾಲ್ಕು ವರ್ಷದಿಂದ ನನಗೇ ಗೊತ್ತು" ಎಂದಳು ಕೊನೆಗೆ. "ಈ ಮನೇಲಿ ಉಂಡವರಲ್ಲಿ ಒಬ್ಬರಿಗೂ ಬಾಯಿಬಿಟ್ಟು ಹೇಳೋ ಧೈರ್ಯ ಇರಲಿಲ್ಲ." ಪಕ್ಕದ ಕುರ್ಚಿಯ ಮೇಲಿನ ಕೋಟುಗಳನ್ನೆಲ್ಲ ಎತ್ತಿ ನೆಲಕ್ಕೆ ಹಾಕಿ, ಜಾಗ ಮಾಡಿದಳು. "ಕೂತ್ಕೋ ಇಲ್ಲಿ. ನಿನ್ನ ಹೆಸರೇನು ಮಗಾ?"

ಬೆಳಗಿನಿಂದ ಯಾರೂ ಅದನ್ನು ಕೇಳಿರಲಿಲ್ಲ. ಅವಳು ತನ್ನ ಹೆಸರು ಹೇಳಿದಳು, ಅಪ್ಪನ ಹೆಸರು ಹೇಳಿದಳು, ಊರು ಹೇಳಿದಳು. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು, ಕೆಳಗಿನ ಮನೆಗೂ ಕೇಳಿಸಿರಬೇಕು.